ಮೀನಿನ ಕೋಣೆಯಲ್ಲಿ ಕುಳಿತವನು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನನ್ನ ಅಕ್ಕನ ಮನೆ. ಭಾವ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ತೊಂಬತ್ತರ ದಶಕದಲ್ಲಿ ಹಡಗಿನಿಂದ ರಜೆಗೆ ಇಳಿದಾಗಲೆಲ್ಲ ಊರಿಗೆ ಹೋಗುವ ಮುಂಚೆ ಅಲ್ಲಿ ಕೆಲವು ದಿನ ಇರುತ್ತಿದ್ದೆ. ಅಕ್ಕ ಸುತ್ತಮುತ್ತಲಿನ ಕನ್ನಡದ ಮನೆಗಳವರನ್ನು ಊಟಕ್ಕೆ ಕರೆಯುತ್ತಿದ್ದಳು. ಬ್ಯಾಂಕಿನವರು, ವಿಮೆಯವರು, ಭಾವನ ಸಹೋದ್ಯೋಗಿಗಳು ಬರುತ್ತಿದ್ದರು. ನನ್ನನ್ನು ಕಂಡ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: "ಸಮುದ್ರದಲ್ಲಿ ಸೂರ್ಯ ಮುಳುಗೋದು ನೋಡೋಕೆ ಬಹಳ ಚೆನ್ನಾಗಿರುತ್ತೆ ಅಲ್ವಾ?" ನನಗೆ ರೇಗುತ್ತಿತ್ತು. ನಾನು ಹಡಗಿನ ನಾಲ್ಕನೇ ಇಂಜಿನಿಯರ್. ಸೂರ್ಯ ಮುಳುಗುವ ಹೊತ್ತಿಗೆ ನಾನು ನೀರಿನ ಮಟ್ಟಕ್ಕಿಂತ ಕೆಳಗೆ, ಕಬ್ಬಿಣದ ಹೊಟ್ಟೆಯೊಳಗೆ, ಎಣ್ಣೆ ಶುದ್ಧ ಮಾಡುವ ಯಂತ್ರದ ಮುಚ್ಚಳ ಬಿಚ್ಚಿಕೊಂಡು ಕುಳಿತಿರುತ್ತಿದ್ದೆ. ಸೂರ್ಯನೂ ಇಲ್ಲ, ಸಮುದ್ರವೂ ಇಲ್ಲ. ಪಕ್ಕದಲ್ಲಿ ನಿಂತವನ ಮಾತು ಕೇಳಬೇಕಾದರೆ ಅವನ ಬಾಯಿಗೆ ಕಿವಿ ಹಚ್ಚಬೇಕು, ಅಷ್ಟು ಗದ್ದಲ. ಆದರೆ ಅಕ್ಕನ ಮರ್ಯಾದೆ ಕಾಯಬೇಕಲ್ಲ, "ಹೌದ್ರೀ, ಭಾಳ ಛಲೋ ಇರ್ತದ" ಎಂದು ಹೇಳಿ ಹೋಳಿಗೆಗೆ ಕೈ ಹಾಕುತ್ತಿದ್ದೆ.

ಅವರು ಯಾರೂ ಕೇಳದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಊಟದ ಹೊತ್ತಿನಲ್ಲಿ ಹೇಳುವಂಥದ್ದಲ್ಲ.

ನಮ್ಮದು ಕಲ್ಲಿದ್ದಲು ಹೊರುವ ಹಡಗು. ಆಫ್ರಿಕಾದ ದಕ್ಷಿಣದ ಬಂದರಿನಲ್ಲಿ ತುಂಬಿಕೊಂಡು ಸೂರತ್ತಿನ ಹೊರಗೆ ಸಮುದ್ರದಲ್ಲೇ ಲಂಗರು ಹಾಕುವುದು, ಅಲ್ಲಿಂದ ಸರಕನ್ನು ದೋಣಿಗಳಿಗೆ ಇಳಿಸುವುದು, ಮತ್ತೆ ಖಾಲಿ ಹೊಟ್ಟೆಯಲ್ಲಿ ಹಿಂದಿರುಗುವುದು. ಹಡಗಿನ ದಿನಚರಿಯಲ್ಲಿ ಬೆರಗು ಹುಟ್ಟಿಸುವಂಥದ್ದು ಏನೂ ಇರಲಿಲ್ಲ. ಪಾಳಿಗೆ ಇಳಿಯುವುದು, ಗೇಜು ನೋಡುವುದು, ಪಂಪು ಬದಲಿಸುವುದು, ಚಹಾ ಕುಡಿಯುವುದು, ಸೋರುವುದನ್ನು ನಿಲ್ಲಿಸುವುದು, ಇನ್ನೊಂದು ಕಡೆ ಸೋರಲು ಶುರುವಾದಾಗ ಬೈಯುವುದು. ಭಾನುವಾರ ಬಿರಿಯಾನಿ. ಶನಿವಾರ ಟೀವಿಯಲ್ಲಿ ಹಾಕುವ ಸಿನಿಮಾ ಎಲ್ಲರಿಗೂ ಬಾಯಿಪಾಠ. ನನ್ನ ಪಾಲಿಗೆ ಇನ್ನೊಂದು ಕೆಲಸವಿತ್ತು. ಅಡುಗೆಮನೆಯ ಹಿಂದಿನ ಶೀತಲ ಕೋಣೆಗಳು, ಅಂದರೆ ಮಾಂಸದ್ದೊಂದು, ಮೀನಿನದೊಂದು, ತರಕಾರಿಯದೊಂದು, ಮತ್ತು ಅವುಗಳನ್ನು ತಣ್ಣಗಿಡುವ ಕಂಪ್ರೆಸರ್‌ಗಳು ನನ್ನ ಸುಪರ್ದಿ. ಎರಡು ಕಂಪ್ರೆಸರ್‌ಗಳಿದ್ದವು. ಒಂದು ಕೆಟ್ಟು ಬಿಚ್ಚಿ ಬಿದ್ದಿತ್ತು, ಅದರ ಬಿಡಿಭಾಗ ಸೂರತ್ತಿಗೆ ಬರಬೇಕಿತ್ತು. ಇನ್ನೊಂದರ ಮೇಲೆಯೇ ಎಲ್ಲ ನಡೆದಿತ್ತು.

ಬಿಚ್ಚುವುದು, ಕೂಡಿಸುವುದರಲ್ಲಿ ನನಗೆ ಜೊತೆ ನಮ್ಮ ಮಿಸ್ತ್ರಿ. ಹಡಗಿನಲ್ಲಿ ಫಿಟ್ಟರ್‌ನನ್ನು ಮಿಸ್ತ್ರಿ ಎಂದೇ ಕರೆಯುತ್ತಾರೆ. ವಡೋದರಾದ ಗೋರ್ವಾದವನು, ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವನು. ಮೊದಲು ಗುಜರಾತಿ ಎಂದೇ ತಿಳಿದಿದ್ದೆ. ಒಂದು ದಿನ ಕೈಗೆ ಸುತ್ತಿಗೆ ಬಿದ್ದಾಗ "ಯವ್ವಾ ಸತ್ನಲ್ಲೋ" ಎಂದು ಕೂಗಿಕೊಂಡ. ನಾನು ಬೆಚ್ಚಿಬಿದ್ದೆ. ಅವನ ತಂದೆ ಹುಬ್ಬಳ್ಳಿ ಕಡೆಯವರು, ರೈಲ್ವೆ ನೌಕರಿಯ ಮೇಲೆ ವಡೋದರಾಕ್ಕೆ ಬಂದು ಅಲ್ಲೇ ಬೇರು ಬಿಟ್ಟವರು. ಮಿಸ್ತ್ರಿ ಹುಟ್ಟಿದ್ದು, ಬೆಳೆದದ್ದು, ಓದು ಬಿಟ್ಟದ್ದು ಎಲ್ಲ ಅಲ್ಲೇ. "ನಂಗ ಅಡಗಿಮನಿ ಕನ್ನಡ ಅಷ್ಟ ಬರ್ತದ ಭಾಯ್, ಅವ್ವನ ಕೂಡ ಮಾತಾಡೂವಷ್ಟು" ಎನ್ನುತ್ತಿದ್ದ. ಅದು ನಿಜ. ಕನ್ನಡದಲ್ಲಿ ಅವನಿಗೆ ಗೊತ್ತಿದ್ದದ್ದು ತಾಯಿ ಮಗುವಿಗೆ ಆಡುವ ಮಾತುಗಳು ಮಾತ್ರ. ಹೀಗಾಗಿ ಕೆಟ್ಟ ಪಂಪಿನ ಮುಂದೆ ಕುಳಿತು, "ಯಾಕ ಬಂಗಾರಾ, ಹಟಾ ಮಾಡ್ತಿ? ಸುಮ್ನ ತಿರಗಬಾರದಾ?" ಎಂದು ರಮಿಸುತ್ತಿದ್ದ. ಅದು ಬಗ್ಗದಿದ್ದರೆ ಗುಜರಾತಿಯಲ್ಲಿ ಬೈಗುಳ. ಬೈಗುಳಕ್ಕೆ ಅವನ ಕನ್ನಡ ಸಾಲುತ್ತಿರಲಿಲ್ಲ.

ಅವನ ಕೊರಳಲ್ಲಿ ಲಿಂಗದ ಕರಡಿಗೆ ಇತ್ತು. ತಿರುಗುವ ಯಂತ್ರದ ಮುಂದೆ ಕೊರಳಿನಿಂದ ದಾರ ಇಳಿಬಿಡುವುದು ಅಪಾಯ, ಅದಕ್ಕೇ ನಾನು ಗದರಿಸುತ್ತಿದ್ದೆ. ಅವನು ಅದನ್ನು ಅಂಗಿಯೊಳಗೆ ತೂರಿಸಿ ಪಿನ್ನು ಚುಚ್ಚಿಕೊಳ್ಳುತ್ತಿದ್ದ, ತೆಗೆದಿಡುತ್ತಿರಲಿಲ್ಲ. ಬೆಳಿಗ್ಗೆ ಕೋಣೆಯಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು ಬರುವವನು, ಚಹಾದ ಹೊತ್ತಿಗೆ ಅದರ ಮೇಲೆ ಗ್ರೀಸು ಬಳಿದುಕೊಂಡಿರುತ್ತಿದ್ದ. ನನ್ನ ಮನೆಯದೂ ಅದೇ ಆಚಾರ. ನಾನು ಪಾಲಿಸುವುದು ಕಡಿಮೆ, ಗೊತ್ತಿರುವುದು ಹೆಚ್ಚು. ಅವನು ಮದುವೆಯಾಗಿರಲಿಲ್ಲ. ಮನೆಯಲ್ಲಿ ತಾಯಿ, ತಮ್ಮ, ತಮ್ಮನ ಹೆಂಡತಿ ಮಕ್ಕಳು. ತಂದೆ ತೀರಿಕೊಂಡಾಗ ಅವನು ಸಮುದ್ರದಲ್ಲಿದ್ದ. "ಅಪ್ಪನ ಮಾರಿ ನೋಡಲಿಲ್ಲ ನಾ" ಎಂದು ಒಂದು ಸಲ ಹೇಳಿದ್ದ. ನಾನು ಮುಂದೆ ಕೆದಕಲಿಲ್ಲ.

ಆ ಸಲದ ಪ್ರಯಾಣ ಮೇ ತಿಂಗಳದ್ದು. ಬಂದರು ಬಿಟ್ಟು ಕೆಲವು ದಿನಗಳಾಗಿದ್ದವು, ಯಾವ ಕಡೆಗೂ ನೆಲ ಹತ್ತಿರವಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿದ ಮಿಸ್ತ್ರಿ ಎದೆ ಹಿಡಿದುಕೊಂಡ, "ಗ್ಯಾಸ್ ಆಗೇತಿ" ಎಂದು ತನ್ನ ಕೋಣೆಗೆ ಹೋಗಿ ಮಲಗಿದ. ಸೋಡಾ ತೆಗೆದುಕೊಂಡು ಹೋದ ಅಡುಗೆಯವನು ಓಡುತ್ತ ಹಿಂದಿರುಗಿದ. ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಎರಡನೇ ಆಫೀಸರ್ ಎದೆ ಒತ್ತಿದ, ಬಾಯಿಗೆ ಉಸಿರು ಕೊಟ್ಟ, ರೇಡಿಯೋದಲ್ಲಿ ವೈದ್ಯರು ಹೇಳಿದ್ದನ್ನೆಲ್ಲ ಮಾಡಿದ. ಕೊನೆಗೆ ಕ್ಯಾಪ್ಟನ್ ಟೋಪಿ ತೆಗೆದರು.

ಹಡಗಿನಲ್ಲಿ ಒಬ್ಬ ಸತ್ತರೆ ಅಳಲು ಸಹ ಸಮಯ ಸಿಗುವುದಿಲ್ಲ. ಎಂಜಿನ್ ತಿರುಗುತ್ತಲೇ ಇರಬೇಕು, ಪಾಳಿಯವನು ಪಾಳಿಗೆ ಇಳಿಯಲೇಬೇಕು. ಕ್ಯಾಪ್ಟನ್ ಪಂಜಾಬಿನವರು, ಅಳೆದು ಮಾತಾಡುವವರು. ನನ್ನನ್ನೂ ಚೀಫ್ ಇಂಜಿನಿಯರನ್ನೂ ಕರೆಸಿದರು. ಮುಂಬಯಿಯ ಕಚೇರಿಗೆ ತಿಳಿಸಿಯಾಗಿದೆ, ಅವರು ಮನೆಯವರಿಗೆ ಹೇಳುತ್ತಾರೆ, ಉತ್ತರ ಬರುವುದು ನಾಳೆ. ಬೇರೆ ದೇಶದ ಬಂದರಿಗೆ ತಿರುಗಿದರೆ ಅಲ್ಲಿಂದ ದೇಹ ಊರು ಸೇರಲು ವಾರಗಳೇ ಬೇಕಾಗಬಹುದು. ಸಮುದ್ರಕ್ಕೇ ಒಪ್ಪಿಸುವ ಪದ್ಧತಿಯೂ ಇದೆ. "ಮನೆಯವರನ್ನು ಕೇಳದೆ ನಾನು ಅದನ್ನು ಮಾಡುವುದಿಲ್ಲ. ಮೀನಿನ ಕೋಣೆ ಖಾಲಿ ಮಾಡಿಸುತ್ತೇನೆ. ಸೂರತ್ ತನಕ ತಣ್ಣಗಿಡಲು ನಿನ್ನ ಕೈಲಿ ಆಗುತ್ತದೆಯೇ?" ಎಂದು ಹಿಂದಿಯಲ್ಲಿ ಕೇಳಿದರು.

ಒಂದೇ ಕಂಪ್ರೆಸರ್. ಅದರ ಸೀಲಿನಲ್ಲಿ ಗ್ಯಾಸ್ ಸಣ್ಣಗೆ ಸೋರುತ್ತಿತ್ತು. ಆದರೂ "ಆಗುತ್ತದೆ ಸರ್" ಎಂದೆ.

ಹೊರಗೆ ಸಾರಂಗ ಸ್ಟ್ರೆಚರ್ ಸಿದ್ಧ ಮಾಡಿಸುತ್ತಿದ್ದ. ಸಾರಂಗ ಅಂದರೆ ಡೆಕ್ಕಿನ ಖಲಾಸಿಗಳ ಮುಖ್ಯಸ್ಥ, ರತ್ನಾಗಿರಿಯ ಹಿರಿಯ. ಮಿಸ್ತ್ರಿಯನ್ನು ಉದ್ದಕ್ಕೆ ಮಲಗಿಸಿ ಬಿಳಿ ಬಟ್ಟೆ ಸುತ್ತುವ ತಯಾರಿ ನಡೆದಿತ್ತು. ಅದನ್ನು ನೋಡಿದ ಕೂಡಲೇ ಸ್ವಲ್ಪ ತಡೆಯಲು ಹೇಳಿದೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ ಕೂಡಿಸುತ್ತಾರೆ, ಎಡಗೈಯಲ್ಲಿ ಲಿಂಗ ಇಡುತ್ತಾರೆ. ಕೂತವರನ್ನೇ ಎಲ್ಲರೂ ಬಂದು ನೋಡುತ್ತಾರೆ, ಕೂತವರನ್ನೇ ಹೊತ್ತೊಯ್ದು ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಮಿಸ್ತ್ರಿಯನ್ನು ಉದ್ದಕ್ಕೆ ಮಲಗಿಸಿ ಆ ಕೋಣೆಗೆ ಹಾಕಿದರೆ ಅವನು ಹಾಗೆಯೇ ಕಲ್ಲಾಗುತ್ತಾನೆ. ಗೋರ್ವಾದ ಮನೆಯಲ್ಲಿ ಆಮೇಲೆ ಯಾರು ಕೂಡಿಸುತ್ತಾರೆ? ಹೇಗೆ ಕೂಡಿಸುತ್ತಾರೆ?

ಮತ್ತೆ ಕ್ಯಾಪ್ಟನ್ ಹತ್ತಿರ ಹೋದೆ. ಹೇಳಿದ್ದನ್ನು ಪೂರ್ತಿ ಕೇಳಿದರು.

"ಖಾತ್ರಿಯೇ?"

"ನಮ್ಮ ಊರ ಕಡೆ ಖಾತ್ರಿ ಸರ್. ಇವರು ಗುಜರಾತಿಗೆ ಬಂದು ಬಹಳ ವರ್ಷಗಳಾಗಿವೆ. ಏನು ಉಳಿಸಿಕೊಂಡಿದ್ದಾರೆ, ಏನು ಬಿಟ್ಟಿದ್ದಾರೆ, ನನಗೆ ಗೊತ್ತಿಲ್ಲ."

"ಅವರು ಈಗ ಸುಡುವವರಾಗಿದ್ದರೆ?"

ದೊಡ್ಡ ಊರುಗಳಿಗೆ ಹೋದ ನಮ್ಮವರಲ್ಲಿ ಜಾಗ ಸಿಗದೆ ಸುಟ್ಟವರನ್ನು ನಾನೇ ನೋಡಿದ್ದೆ. ಹಾಗಾಗಿದ್ದರೆ ಕೂತು ಕಲ್ಲಾದ ಮಗನನ್ನು ಚಿತೆಯ ಮೇಲೆ ಮಲಗಿಸಲಾಗದೆ ಆ ಮನೆಯವರು ನನಗೆ ಹಿಡಿಶಾಪ ಹಾಕುತ್ತಾರೆ. ರೇಡಿಯೋ ಆಫೀಸರ್ ಮುಂಬಯಿಯನ್ನು ಮತ್ತೆ ಹಿಡಿಯಲು ನೋಡಿದ, ಗೊರಗೊರ ಸದ್ದು ಬಿಟ್ಟರೆ ಏನೂ ಸಿಗಲಿಲ್ಲ. ಅಷ್ಟರಲ್ಲಿ ದೇಹ ಬಿಗಿಯಲು ತೊಡಗುತ್ತದೆ ಎಂದು ಎರಡನೇ ಆಫೀಸರ್ ಎಚ್ಚರಿಸಿದ. ಕ್ಯಾಪ್ಟನ್ ನನ್ನ ಮುಖವನ್ನೇ ನೋಡಿದರು. "ಈ ಹಡಗಿನಲ್ಲಿ ಅವನ ಕಡೆಯವನು ಅಂತ ಇರುವವನು ನೀನೊಬ್ಬ. ನೀನು ಹೇಳಿದ ಹಾಗೆ" ಎಂದರು.

ಕೊರಳಿನ ಕರಡಿಗೆ ನೆನಪಿಗೆ ಬಂತು. ಅಷ್ಟು ಬೈಸಿಕೊಂಡರೂ ಬಿಚ್ಚದವನ ಮನೆಯಲ್ಲಿ ಉಳಿದದ್ದನ್ನು ಬಿಟ್ಟಿರಲಾರರು ಅನ್ನಿಸಿತು. "ಕೂಡಿಸೋಣ ಸರ್" ಎಂದೆ.

ಸಾರಂಗನಿಗೆ ಹೇಳಿದೆ. ಅವರಲ್ಲಿ ಈ ಪದ್ಧತಿ ಇಲ್ಲ, ಅವನು ಅಂಥದ್ದನ್ನು ಕೇಳಿಯೂ ಇರಲಿಲ್ಲ. ಆಮೇಲೆ "ಅಳತೆ ಹೇಳಿ ಸಾಬ್" ಎಂದಷ್ಟೇ ಅಂದ. ಸರಕಿನ ಕೆಳಗೆ ಹಾಸುವ ಹಲಗೆಗಳನ್ನು ತಂದು ತಾನೇ ಕೊಯ್ದು, ಉಜ್ಜಿ, ಹಿಂದೆ ಒರಗು ಇರುವ ಒಂದು ಪೀಠ ಮಾಡಿದ. ನಾಲ್ಕು ಕಡೆ ಹಿಡಿಕೆ, ಎತ್ತಿ ಹೊರಲು ಅನುಕೂಲವಾಗುವಂತೆ. ಇತ್ತ ನಾವು ಕೆಲವರು ಮಿಸ್ತ್ರಿಗೆ ಸ್ನಾನ ಮಾಡಿಸಿದೆವು. ಉಗುರಿನ ಸಂದಿಯ ಗ್ರೀಸು ಹೋಗಲೇ ಇಲ್ಲ. ಅಡುಗೆಯವನು ನಿಂಬೆಹಣ್ಣು ತಂದು ಉಜ್ಜಿದ, ಆಗಲೂ ಹೋಗಲಿಲ್ಲ.

ನಾನು ಅದುವರೆಗೆ ಹೆಣ ಮುಟ್ಟಿದವನಲ್ಲ. ಊರಲ್ಲಿ ಇಂಥ ಕೆಲಸ ಹಿರಿಯರು ಮಾಡುತ್ತಿದ್ದರು, ನಾವು ದೂರ ನಿಂತು ನೋಡುವವರು. ಈಗ ನೋಡಿದ್ದನ್ನೆಲ್ಲ ನೆನಪು ಮಾಡಿಕೊಂಡು ಅವನ ಕಾಲು ಮಡಿಸಿದೆ. ಬೆನ್ನನ್ನು ಒರಗಿಗೆ ಆನಿಸಿ, ತೊಳೆದ ಹಾಸಿಗೆ ಬಟ್ಟೆಗಳಿಂದ ಎದೆ ಸೊಂಟ ಕಟ್ಟಿದೆವು. ಕತ್ತು ವಾಲದಂತೆ ಸಾರಂಗ ಎರಡೂ ಕಡೆ ಸಣ್ಣ ಹಲಗೆ ಹೊಡೆದ. ಅವನ ಕೋಣೆಯಲ್ಲಿದ್ದ ವಿಭೂತಿಯನ್ನೇ ತಂದು ಹಣೆಗೆ ಹಚ್ಚಿದೆ. ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟು ಬೆರಳು ಮಡಚಿದೆ. ಹೇಳಬೇಕಾದ ಮಂತ್ರ ಗೊತ್ತಿರಲಿಲ್ಲ. ಶಿವ ಶಿವ ಎಂದೆ, ಅಷ್ಟೇ.

ಮೀನಿನ ಕೋಣೆಯ ಬಾಗಿಲು ಹಾಕಿದ ಮೇಲೆ ಹಡಗು ಎಂದಿನಂತೆ ನಡೆಯಿತು. ಹಾಗೆಂದು ಬರೆಯುವುದು ಸುಲಭ. ವರ್ಕ್‌ಶಾಪಿನಲ್ಲಿ ಮಿಸ್ತ್ರಿ ಕಬ್ಬಿಣ ಕಡೆಯುತ್ತಿದ್ದ ಲೇತ್ ಮೇಲೆ ಯಾರೋ ಬಟ್ಟೆ ಹೊದಿಸಿದರು, ಯಾರೂ ತೆಗೆಯಲಿಲ್ಲ. ಟೀವಿ ಹಚ್ಚಲಿಲ್ಲ. ಪಾಳಿಗೊಮ್ಮೆ ಒಳಗೆ ಹೋಗಿ ಉಷ್ಣಮಾಪಕ ನೋಡಿ ಬರುವುದು ನನ್ನ ಕೆಲಸವಾಗಿತ್ತು. ಮೊದಲ ದಿನ ಬಾಗಿಲ ಚಿಲಕ ತೆಗೆಯಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಯಿತು. ಒಳಗೆ ಒಂದು ಮಂಕು ಬಲ್ಬು, ಗೋಡೆಯ ಕೊಳವೆಗಳ ಮೇಲೆ ಬಿಳಿ ಹಿಮ, ನಡುವೆ ಮಿಸ್ತ್ರಿ ಕೂತಿದ್ದಾನೆ. ಕಣ್ಣು ಮುಚ್ಚಿಕೊಂಡು ಪೂಜೆಗೆ ಕೂತವನ ಹಾಗೆ. ಎರಡು ದಿನಗಳಲ್ಲಿ ನನ್ನ ಹೆದರಿಕೆ ಹೋಗಿ ಬೇರೊಂದು ಚಟ ಹತ್ತಿತು. ಹೊರಡುವಾಗ "ಬರ್ತೀನಿ ಮಿಸ್ತ್ರಿ, ಮಷಿನ್ ಆರಾಮ ಐತಿ" ಎಂದು ಹೇಳಿ ಬಾಗಿಲು ಹಾಕುತ್ತಿದ್ದೆ. ಬದುಕಿದ್ದಾಗ ಅವನೊಂದಿಗೆ ಇಷ್ಟು ಮೆತ್ತಗೆ ಮಾತಾಡಿದ್ದು ನೆನಪಿಲ್ಲ.

ಅವನು ಸತ್ತ ಮರುದಿನವೇ ಮುಂಬಯಿಯಿಂದ ಉತ್ತರ ಬಂದಿತ್ತು. ಕಂಪನಿಯವರು ಸಮುದ್ರಕ್ಕೆ ಒಪ್ಪಿಸುವ ಮಾತನ್ನೂ ಮನೆಯವರ ಮುಂದೆ ಇಟ್ಟಿದ್ದರಂತೆ. ತಮ್ಮ ಕೊಟ್ಟ ಉತ್ತರವನ್ನು ರೇಡಿಯೋ ಆಫೀಸರ್ ಹಿಂದಿಯಲ್ಲಿ ಓದಿ ಹೇಳಿದ: "ಅಮ್ಮ ಮುಖ ನೋಡಲೇಬೇಕು ಎನ್ನುತ್ತಾಳೆ. ಎಷ್ಟು ದಿನವಾದರೂ ಕಾಯುತ್ತಾಳೆ. ದಯವಿಟ್ಟು ತನ್ನಿ." ಓದಿ ಮುಗಿಸಿ ನನ್ನ ಕಡೆ ತಿರುಗಿ, "ನೀವು ಏನಾದರೂ ಕೇಳಬೇಕೇ?" ಎಂದ. ಕೂಡಿಸುತ್ತೀರೋ ಮಲಗಿಸುತ್ತೀರೋ, ಹೂಳುತ್ತೀರೋ ಸುಡುತ್ತೀರೋ ಎಂದು ಕೇಳಬಹುದಿತ್ತು. ಆದರೆ ಒಳಗೆ ಅವನು ಆಗಲೇ ಗಟ್ಟಿಯಾಗಿದ್ದ. ಮಲಗಿಸುತ್ತೇವೆ ಎಂದರೆ ನಾನೇನು ಮಾಡಬಲ್ಲೆ? "ಏನೂ ಇಲ್ಲ" ಎಂದೆ.

ಅರಬ್ಬೀ ಸಮುದ್ರದ ಉತ್ತರಕ್ಕೆ ಬಂದಂತೆ ನೀರೇ ಬೆಚ್ಚಗಾಯಿತು. ಆ ನೀರಿನಿಂದಲೇ ಕಂಪ್ರೆಸರಿನ ಗ್ಯಾಸ್ ತಣಿಯಬೇಕು. ಯಂತ್ರ ಬಿಡುವಿಲ್ಲದೆ ಓಡುತ್ತಿದ್ದರೂ ಮೂರು ಕೋಣೆಗಳನ್ನು ಹಿಡಿದಿಡಲು ಅದರಿಂದ ಆಗುತ್ತಿರಲಿಲ್ಲ. ಮೀನಿನ ಕೋಣೆಯ ಮಾಪಕ ನಿಧಾನವಾಗಿ ಏರಲು ಶುರುವಾಯಿತು. ನಾನು ಚೀಫ್ ಇಂಜಿನಿಯರಿಗೆ ತೋರಿಸಿದೆ. ಅವರು ಅಡುಗೆಯವನನ್ನು ಕರೆದು, "ಮಾಂಸದ ಕೋಣೆ ಬಂದ್ ಮಾಡಿದರೆ ಏನಾಗುತ್ತದೆ?" ಎಂದು ಕೇಳಿದರು.

"ಎಲ್ಲ ಕೊಳೆಯುತ್ತದೆ ಸಾಬ್."

"ಎಸೆದರೆ?"

ಅಡುಗೆಯವನು ಗೋವೆಯವನು, ತನ್ನ ಉಗ್ರಾಣದ ಮೇಲೆ ಬಲು ಜಂಬ ಇದ್ದವನು. ಒಂದು ಮೊಟ್ಟೆ ಹೆಚ್ಚು ಕೇಳಿದರೆ ಜಗಳಕ್ಕೆ ಬರುವವನು. ಅಂದು ಮಾತಿಲ್ಲದೆ ಹೋಗಿ ಕುರಿ, ಕೋಳಿ, ಮಾಂಸದ ಕೋಣೆಗೆ ಸರಿಸಿದ್ದ ಮೀನು, ಎಲ್ಲವನ್ನೂ ಹುಡುಗರ ಕೈಯಲ್ಲಿ ಹೊರಿಸಿ ಸಮುದ್ರಕ್ಕೆ ಹಾಕಿಸಿದ. ಅಂದಿನಿಂದ ಅನ್ನ, ಬೇಳೆ, ಆಲೂಗಡ್ಡೆ, ಉಪ್ಪಿನಕಾಯಿ. ಮಾಂಸವಿಲ್ಲದಿದ್ದರೆ ತಟ್ಟೆ ತಳ್ಳುವ ಜನ ಅವರು. ಒಬ್ಬನೂ ಚಕಾರ ಎತ್ತಲಿಲ್ಲ. ನಾನು ಮಾಂಸದ ಕೋಣೆಯ ಕವಾಟ ಮುಚ್ಚಿದೆ, ಮಾಪಕ ಮತ್ತೆ ಇಳಿಯಿತು.

ಕೊನೆಗೂ ಸೂರತ್ ಮುಟ್ಟಿದೆವು. ಮುಟ್ಟಿದೆವು ಅಂದರೆ ದೂರದಲ್ಲಿ ಕಾರ್ಖಾನೆಯ ಚಿಮಣಿಗಳು ಕಾಣುವಷ್ಟು. ಲಂಗರು ಬಿದ್ದಾಗ ನನಗೆ ಕುಣಿಯುವಷ್ಟು ಸಮಾಧಾನವಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಖಂಭಾತ್ ಕೊಲ್ಲಿಯ ನೀರು ನೀರಲ್ಲ, ಕೆಸರು. ಉಬ್ಬರ ಇಳಿತದ ಸೆಳೆತಕ್ಕೆ ತಳದ ಮಣ್ಣೆಲ್ಲ ಎದ್ದು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ಕೆಸರನ್ನೇ ನಮ್ಮ ಪಂಪು ಹೀರಿತು, ಜರಡಿ ಕಟ್ಟಿತು, ಗ್ಯಾಸ್ ತಣಿಸುವ ಕೊಳವೆಗಳು ಕಟ್ಟಿಕೊಂಡವು. ಒತ್ತಡ ಏರಿ ಕಂಪ್ರೆಸರ್ ತಾನಾಗಿಯೇ ನಿಂತಿತು. ಜರಡಿ ತೊಳೆದು ಮತ್ತೆ ಹಚ್ಚಿದೆ. ಸ್ವಲ್ಪ ಓಡಿ ಮತ್ತೆ ನಿಂತಿತು. ಅಷ್ಟು ಸಮುದ್ರ ದಾಟಿ ಬಂದು ಮನೆಯ ಬಾಗಿಲಲ್ಲಿ ಹೀಗಾದರೆ? ನಾನು ಆ ಯಂತ್ರಕ್ಕೆ ಕೈಮುಗಿಯುವುದೊಂದು ಬಾಕಿ ಇತ್ತು. ದಡದಿಂದ ಬರಬೇಕಾದ ಲಾಂಚು ಉಬ್ಬರ ಇಲ್ಲದೆ ಬರುವಂತಿರಲಿಲ್ಲ. ವೈದ್ಯರು, ಪೊಲೀಸರು ದಡದಲ್ಲಿ ಸಿದ್ಧರಾಗುವುದೂ ಮರುದಿನಕ್ಕೇ ಎಂದು ಸಂದೇಶ ಬಂದಿತ್ತು.

ಉಳಿದ ದಾರಿ ಒಂದೇ. ಸಮುದ್ರದ ನೀರಿನ ಬದಲು ನಮ್ಮ ಟಾಂಕಿಯ ಸಿಹಿನೀರನ್ನು ಪೈಪು ಹಾಕಿ ಆ ಕೊಳವೆಗಳಿಗೆ ಬಿಡುವುದು. ಬಿಟ್ಟ ನೀರು ಹೊರಗೇ ಹೋಗುತ್ತದೆ. ಕುಡಿಯಲು, ಬೇಯಿಸಲು, ಮೀಯಲು ಇದ್ದದ್ದು ಅದೊಂದೇ ಟಾಂಕಿ. ಕ್ಯಾಪ್ಟನ್ ಊಟದ ಕೋಣೆಗೆ ಬಂದು ಎಲ್ಲರಿಗೂ ವಿಷಯ ಹೇಳಿದರು. ಸಾರಂಗ ಎದ್ದು ನಿಂತು, "ಕುಡಿಯಲು ಎತ್ತಿಟ್ಟುಕೊಂಡು ಮಿಕ್ಕದ್ದು ಬಿಡಿ ಸಾಬ್. ಮೈ ತೊಳೆಯದಿದ್ದರೆ ಯಾರೂ ಸಾಯುವುದಿಲ್ಲ" ಎಂದ. ಹೇಳಿದ ಮೇಲೆ ತನ್ನ ಮಾತಿಗೇ ನಾಲಿಗೆ ಕಚ್ಚಿಕೊಂಡ. ನಾವು ಪೈಪು ಎಳೆದೆವು, ಯಂತ್ರ ಓಡಿತು. ಮರುದಿನ ಉಬ್ಬರದ ಹೊತ್ತಿಗೆ ಲಾಂಚು ಬರುವ ತನಕ ನಾನು ಅದರ ಪಕ್ಕ ಬಿಟ್ಟು ಏಳಲಿಲ್ಲ.

ಮಿಸ್ತ್ರಿಯನ್ನು ಪೀಠದ ಸಮೇತ ಕಂಬಳಿಗಳಲ್ಲಿ ಸುತ್ತಿ, ಮೇಲೆ ಕ್ಯಾನ್ವಾಸ್ ಹೊಲಿದು, ಕ್ರೇನಿನಿಂದ ಲಾಂಚಿಗೆ ಇಳಿಸಿದೆವು. ಹಡಗಿನ ಸೈರನ್ ಒಮ್ಮೆ ಉದ್ದಕ್ಕೆ ಕೂಗಿತು. ರೇಲಿಂಗಿಗೆ ಆನಿಕೊಂಡು ನಿಂತಿದ್ದವರಲ್ಲಿ ಅಡುಗೆಯವನು ಬಿಕ್ಕಿ ಬಿಕ್ಕಿ ಅಳುತ್ತಿದ್ದದ್ದು ನನಗೆ ಕೆಳಗಿನಿಂದ ಕಾಣುತ್ತಿತ್ತು. ಜೊತೆಗೆ ಹೋಗಲು ಕ್ಯಾಪ್ಟನ್ ನನ್ನನ್ನೇ ಕಳಿಸಿದ್ದರು.

ಜೆಟ್ಟಿಯಲ್ಲಿ ಮುಖದ ಬಟ್ಟೆ ತೆರೆದಾಗ ಪೊಲೀಸಿನವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಕೂತ ಹೆಣವನ್ನು ಅವನು ನೋಡಿರಲಿಲ್ಲ. ಬಂದರಿನ ವೈದ್ಯರು ವಯಸ್ಸಾದವರು. "ಇದೇನು ಹೀಗೆ?" ಎಂದರು. ಹೇಳಿದೆ. ರೇಡಿಯೋ ವೈದ್ಯರ ಸಲಹೆ, ಕ್ಯಾಪ್ಟನ್ ಬರೆದುಕೊಟ್ಟದ್ದು, ಎಲ್ಲ ಓದಿ, ತಾವು ನೋಡಬೇಕಾದದ್ದನ್ನು ನೋಡಿ ಸಹಿ ಹಾಕಿದರು. ಸರಕು ತಪಾಸಣೆಗೆಂದು ಬಂದಿದ್ದ ಕಸ್ಟಮ್ಸ್ ಅಧಿಕಾರಿ ಏನನ್ನೂ ಕೇಳಲಿಲ್ಲ, ಚಪ್ಪಲಿ ಬಿಟ್ಟು ಕೈಮುಗಿದು ಪಕ್ಕಕ್ಕೆ ನಿಂತ. ಆ ಮನುಷ್ಯನನ್ನು ಈಗಲೂ ನೆನೆಯುತ್ತೇನೆ.

ಸೂರತ್ತಿನಿಂದ ವಡೋದರಾಕ್ಕೆ ಒಂದು ಮುಚ್ಚಿದ ಟೆಂಪೋ. ಸುತ್ತ ಮಂಜುಗಡ್ಡೆಯ ದಿಂಡುಗಳು, ಅವುಗಳ ಮೇಲೆ ಗೋಣಿ. ನಾನು ಒಳಗೇ ಪೀಠ ಹಿಡಿದುಕೊಂಡು ಕೂತೆ, ಇಲ್ಲದಿದ್ದರೆ ಲಾರಿಗಳ ನಡುವೆ ಬ್ರೇಕು ಹಾಕಿದಾಗಲೆಲ್ಲ ಅದು ಜಾರುತ್ತಿತ್ತು. ಭರೂಚ್ ಹತ್ತಿರ ನರ್ಮದೆಯ ಸೇತುವೆ ಬಂತು. ಆಗ ನನ್ನ ಧೈರ್ಯ ಪೂರ್ತಿ ಕುಸಿಯಿತು. ಇಷ್ಟು ಜನ ಬರೀ ಬೇಳೆ ಅನ್ನ ತಿಂದು, ಮೀಯದೆ ಉಳಿಸಿಕೊಂಡು ಬಂದದ್ದನ್ನು ನಾನು ತಪ್ಪು ಭಂಗಿಯಲ್ಲಿ ಕೂಡಿಸಿದ್ದರೆ? ಆ ತಾಯಿಗೆ ಯಾವ ಮುಖ ತೋರಿಸಲಿ? ಯಾವುದಾದರೂ ಕಾರಣಕ್ಕೆ ದಾರಿ ಇನ್ನಷ್ಟು ಉದ್ದವಾಗಲಿ ಎಂದು ಬಯಸಿದೆ. ಅದು ಎಂಥ ಹೇಡಿತನದ ಬಯಕೆ ಎಂದು ಗೊತ್ತಿದ್ದರೂ ಬಯಸಿದೆ.

ಗೋರ್ವಾದಲ್ಲಿ ಸಣ್ಣ ಸಣ್ಣ ಮನೆಗಳ ಒಂದು ಸೊಸೈಟಿ. ಗೇಟಿನ ಹತ್ತಿರವೇ ಜನ ನಿಂತಿದ್ದರು. ಮಧ್ಯಾಹ್ನ ಇಳಿದಿತ್ತು. ಮಿಸ್ತ್ರಿಯ ತಮ್ಮ ಟೆಂಪೋದ ಹಿಂದಿನ ಬಾಗಿಲಿಗೆ ಬಂದ. ಕ್ಯಾನ್ವಾಸಿನ ಆಕಾರ ನೋಡಿ ಅಲ್ಲೇ ನಿಂತ. ನನ್ನನ್ನು ನೋಡಿದ, ಮತ್ತೆ ಅದನ್ನು ನೋಡಿದ.

"ಕೂಡಿಸಿ ತಂದೀರಿ?" ಎಂದು ಕೇಳಿದ. ಅಣ್ಣನಿಗಿಂತ ಹರಕು ಕನ್ನಡ.

"ಹೌದು" ಎಂದೆ. "ನಿಮ್ಮಲ್ಲಿ ಹೆಂಗ ಅಂತ ಗೊತ್ತಿರಲಿಲ್ಲ. ಊರ ಕಡೆ ಮಾಡೂ ಹಂಗ ಮಾಡಿದ್ವಿ."

ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ನಮ್ಮ ಬಾಪೂಜಿ, ಅಪ್ಪಗೂ ಹಿಂಗ ಮಾಡಿದ್ವಿ. ಅವ್ವ ಸುದ್ದಿ ಬಂದಾಗಿಂದ ಇದೊಂದ ಕೇಳ್ತಾಳ. ಮಲಗಿಸಿಬಿಟ್ಟಾರೇನೋ, ಮಲಗಿಸಿಬಿಟ್ಟಾರೇನೋ ಅಂತ" ಎಂದವನು ನನ್ನ ಭುಜಕ್ಕೆ ತಲೆಯಿಟ್ಟ. ನಾನೂ ಅತ್ತೆ. ಹಡಗಿನಲ್ಲಿ ಬಾರದೇ ಇದ್ದದ್ದೆಲ್ಲ ಆ ಗೇಟಿನ ಹತ್ತಿರ ಬಂತು.

ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಪೀಠ ಇಟ್ಟೆವು. ಕ್ಯಾನ್ವಾಸ್ ಕೊಯ್ದು, ಕಂಬಳಿ ಬಿಚ್ಚಿ, ಹಲಗೆ ಕಾಣದಂತೆ ಬಿಳಿ ಬಟ್ಟೆ ಹೊದಿಸಿದೆವು. ಮುಖ ಹಾಗೆಯೇ ಇತ್ತು. ಹಣೆಯ ವಿಭೂತಿ ಕೂಡ ಅಳಿಸಿರಲಿಲ್ಲ. ಆಗ ಒಳಗಿನಿಂದ ಸೊಸೆ ಅವನ ತಾಯಿಯನ್ನು ಹಿಡಿದುಕೊಂಡು ಬಂದಳು. ಇಳಕಲ್ ಸೀರೆ, ಸಣ್ಣ ದೇಹ. ಆಕೆ ಚೀರುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರು. ಚೀರಲಿಲ್ಲ. ಮಗನ ಎದುರಿಗೆ ಕೂತು, ಮಡಚಿದ ಕಾಲು ನೋಡಿದಳು. ಎಡಗೈ ನೋಡಿದಳು, ಒಳಗಿನ ಲಿಂಗ ನೋಡಿ ತಲೆ ಆಡಿಸಿದಳು. ಆಮೇಲೆ ಮುಖ ನೋಡುತ್ತ ಕೂತಳು.

ಅಷ್ಟು ದಿನದ ಚಳಿಯಿಂದ ಬಂದ ದೇಹ, ಮೇ ತಿಂಗಳ ವಡೋದರಾ. ಕಂಬಳಿ ತೆಗೆದ ಸ್ವಲ್ಪ ಹೊತ್ತಿಗೇ ಗಾಳಿಯ ತೇವ ಅವನ ಮುಖದ ಮೇಲೆ ಕೂಡತೊಡಗಿತು. ಮೊದಲು ಮೇಲ್ತುಟಿಯ ಮೇಲೆ, ಆಮೇಲೆ ಹಣೆಯ ಮೇಲೆ, ಸಣ್ಣ ಸಣ್ಣ ಹನಿಗಳು. ವಿಭೂತಿ ನೆನೆದು ಒಂದು ಹನಿ ಕೆನ್ನೆಗೆ ಇಳಿಯಿತು.

"ಬೆವರಾಕತ್ತಾನ" ಎಂದಳು ತಾಯಿ.

ಆಕೆ ಸೆರಗಿನಿಂದ ಒರೆಸಿದಳು. ಹನಿಗಳು ಮತ್ತೆ ಕೂತವು. ಮತ್ತೆ ಒರೆಸಿದಳು. "ಫ್ಯಾನ್ ಹಚ್ಚ್ರೆ ಯಾರಾರ. ನನ್ನ ಕೂಸು ಹೆಂಗ ಬೆವತಾನ ನೋಡ್ರಿ." ಸೊಸೆ ಎದ್ದು ಫ್ಯಾನ್ ಹಚ್ಚಿದಳು. ಪಕ್ಕದ ಮನೆಯ ಗುಜರಾತಿ ಹೆಂಗಸು ಮಾತು ತಿಳಿಯದಿದ್ದರೂ ವಿಷಯ ತಿಳಿದು ಒಂದು ಬೀಸಣಿಗೆ ತಂದು ಆಕೆಯ ಕೈಗೆ ಕೊಟ್ಟಳು. ಕೂತಿದ್ದ ಹಿರಿಯರೊಬ್ಬರು "ಅದು ಬೆವರಲ್ಲವ್ವಾ..." ಎಂದು ಶುರು ಮಾಡಿದರು. ನಾನು ಅವರ ಮೊಣಕಾಲು ಒತ್ತಿ ಸುಮ್ಮನಾಗಿಸಿದೆ.

ತಾಯಿ ಬೀಸುತ್ತ ನನ್ನ ಕಡೆ ತಿರುಗಿದಳು. ಹಡಗಿನಿಂದ ಬಂದವನು ನಾನೇ ಎಂದು ಯಾರೋ ಹೇಳಿದ್ದಿರಬೇಕು.

"ತಮ್ಮಾ, ಅಲ್ಲಿ ಹಡಗಿನ್ಯಾಗ ಭಾಳ ಧಗಿ ಇತ್ತೇನಪಾ?"

"ಇಲ್ಲವ್ವಾ" ಎಂದೆ. "ತಂಪಿತ್ತು. ಭಾಳ ತಂಪ ಇಟ್ಟಿದ್ವಿ."

"ಮತ್ತ ಯಾಕ ಹಿಂಗ ಬೆವತಾನ?"

ಆಕೆಯ ಕೈ ಸೋತಿತ್ತು. ನಾನು ಹತ್ತಿರ ಹೋಗಿ ಬೀಸಣಿಗೆ ತೆಗೆದುಕೊಂಡೆ. ಆಕೆ ಒರೆಸುತ್ತಿದ್ದಳು, ನಾನು ಅವನಿಗೆ ಗಾಳಿ ಬೀಸುತ್ತ ಕೂತೆ.